ಮೊದಲು ಒಂದು ತುತ್ತು ಬದನೆಕಾಯಿ, ಆಮೇಲೆ ಪುಡಿ

ಮುತ್ಯಾಲಮ್ಮನವರಿಗೆ ಎದೆನೋವು ಇರಲಿಲ್ಲ.

ಸುಸ್ತಿತ್ತು. ದವಡೆ ಭಾರ ಎನ್ನುತ್ತಿದ್ದರು. ಚಳಿಗಾಲದ ಬೆಳಗ್ಗೆಯೂ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ತಿಂಗಳದ್ದು ನಿಂತ ಮೇಲೆ ಹೆಂಗಸರಿಗೆ ಇದೆಲ್ಲ ಇದ್ದದ್ದೇ ಎಂದು ಅವರೂ ಹೇಳುತ್ತಿದ್ದರು, ಕೇಳಿದವರೂ ಒಪ್ಪುತ್ತಿದ್ದರು. ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ ಡೈರಿಗೆ ಹಾಲು ಹಾಕಲು ಹೋದವರು ಕ್ಯಾನು ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತರು. ಮತ್ತೆ ಏಳಲಿಲ್ಲ. ಆಗ ಅವರಿಗೆ ಐವತ್ತಾರು. ಎದೆ ಹಿಡಿದುಕೊಂಡು ಕೂಗಿದ್ದರೆ ಯಾರಾದರೂ ಹಿಂದಿನ ದಿನವೇ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಕೂಗುವಂಥದ್ದೇನೂ ಆಗಲಿಲ್ಲ.

ಅವರ ಓರಗಿತ್ತಿ ಅಶ್ವತ್ಥಮ್ಮ ಈಗ ಪ್ರತಿದಿನ ಬೆಳಕು ಹರಿಯುವ ಮುಂಚೆ ಬದನೆಕಾಯಿ ಸುಡುತ್ತಾರೆ. ಒಂದಕ್ಕೊಂದು ಏನು ಸಂಬಂಧ ಎಂದು ತಿಳಿಯಬೇಕಾದರೆ ಅವರ ಮಿಲ್ಲಿಗೆ ಹೋಗಬೇಕು.

ಮಿಲ್ಲು ಕುಂದಾಣ ಹೋಬಳಿಯ ಒಂದು ಸಣ್ಣ ಊರಿನಲ್ಲಿದೆ. ಬೋರ್ಡಿಲ್ಲ. ಶೀಟಿನ ಚಾವಣಿ, ಹಿಟ್ಟು ಮೆತ್ತಿ ಬೆಳ್ಳಗಾದ ಜೇಡರ ಬಲೆ, ಒಂದು ರಾಗಿ ಮಿಷನ್, ಒಂದು ಖಾರದ ಪುಡಿಯ ಮಿಷನ್. ಬೆಳಗ್ಗೆ ಆರಕ್ಕೆ ತ್ರೀ ಫೇಸ್ ಕರೆಂಟು ಬರುತ್ತದೆ. ಅಶ್ವತ್ಥಮ್ಮ ಐದಕ್ಕೇ ಬಂದು ಕಸ ಹೊಡೆದು, ಬೆಲ್ಟು ನೋಡಿ, ಹೊರಗಿನ ಮೂರು ಕಲ್ಲಿನ ಒಲೆಯಲ್ಲಿ ಗುಂಡು ಬದನೆಕಾಯಿ ಸುಡಲು ಕೂರುತ್ತಾರೆ. ಸಿಪ್ಪೆ ಕಪ್ಪಗಾಗಿ ಬಿರಿದ ಮೇಲೆ ಸುಲಿದು, ಈರುಳ್ಳಿ ಹಸಿಮೆಣಸಿನಕಾಯಿ ಹುಣಸೆಹುಳಿ ಹಾಕಿ ಕೈಯಲ್ಲೇ ಕಿವುಚಿ, ಸ್ಟೀಲಿನ ಡಬ್ಬಿಗೆ ತುಂಬುತ್ತಾರೆ. ಉಪ್ಪು ಚಿಟಿಕೆ ಮಾತ್ರ. ಡಬ್ಬಿ ಖಾರದ ಮಿಷನ್ನಿನ ಪಕ್ಕದ ಕಟ್ಟೆಯ ಮೇಲೆ ಕೂರುತ್ತದೆ. ಡಬ್ಬಿಯ ಮುಚ್ಚಳದ ಮೇಲೆ ಅವರದೇ ಬಿಪಿ ಮಾತ್ರೆಯ ಹಾಳೆ.

ಮೊದಲು ಬಂದವರು ಊರಿನ ಅಂಗನವಾಡಿಯಲ್ಲಿ ಅಡುಗೆ ಮಾಡುವ ಮಮತ. ಕೈಯಲ್ಲಿ ಹುರಿದ ಅಗಸೆ ಬೀಜ, ಹುರುಳಿ, ಮೆಂತ್ಯ, ಒಣಗಿಸಿದ ನುಗ್ಗೆಸೊಪ್ಪು ಬೆರೆಸಿದ ಚೀಲ. ಅಶ್ವತ್ಥಮ್ಮ ಚೀಲಕ್ಕೆ ಕೈ ಹಾಕಲಿಲ್ಲ. ಡಬ್ಬಿಯತ್ತ ಗದ್ದ ಎತ್ತಿದರು.

"ಹೋದ ಸಲ ತಿಂದಿದ್ನಲ್ಲ ಕಣಕ್ಕ."

"ಹೋದ ಸಲದ್ದು ಹೋದ ಸಲದ ಪುಡಿಗೆ. ತಿನ್ನು."

"ಬೆಳ್ಬೆಳಗ್ಗೆ ಬದ್ನೆಕಾಯಿ! ಕಾಫಿನೂ ಕುಡ್ದಿಲ್ಲ ನಾನು."

"ನಿನ್ ಕಾಫಿ ನಾನ್ ಕಾಯ್ಸಿ ಕೊಡ್ತೀನಿ. ಬಾಯಿ ತೆಗಿ."

ಮಮತ ಒಂದು ತುತ್ತು ತಿಂದರು. ಸೆರಗಿನ ಗಂಟು ಬಿಚ್ಚಿ ತಮ್ಮ ಮಾತ್ರೆ ತೋರಿಸಿ, ಬಿಂದಿಗೆಯ ನೀರಲ್ಲಿ ನುಂಗಿದರು. ಆಮೇಲೆ ಚೀಲದ ಕಾಳು ಮಿಷನ್ನಿನ ತಗಡಿನ ಬಾಯಿಗೆ ಬಿತ್ತು. ಮಿಷನ್ ಶುರುವಾಯಿತು. ಅಗಸೆ ಜಿಡ್ಡಿನ ಕಾಳು, ಒಂಟಿಯಾಗಿ ಹಾಕಿದರೆ ಒಳಗೆ ಮೆತ್ತಿಕೊಂಡು ಮಿಷನ್ ಕಟ್ಟಿಬಿಡುತ್ತದೆ. ಹುರುಳಿ ಬೆರೆಸಿದರೆ ಉದುರುದುರಾಗಿ ಬರುತ್ತದೆ. ಬಿಸಿ ಪುಡಿಯ ಸುವಾಸನೆ ಶೆಡ್ಡಿನ ತುಂಬ ಹರಡಿತು.

ಈ ಪುಡಿಗೆ ಊರಿನಲ್ಲಿ 'ಹಾರ್ಟಿನ ಪುಡಿ' ಎಂದು ಹೆಸರು. ಮೊದಲು ಬಂದದ್ದು ಪ್ಯಾಕೆಟ್ಟಿನಲ್ಲಿ. ಯಾರದೋ ಫೋನಿನಲ್ಲಿ ಒಂದು ವಿಡಿಯೊ ಬಂತು. ಮುಟ್ಟು ನಿಂತ ಹೆಂಗಸರ ಹೃದಯಕ್ಕೆ ಗಿಡಮೂಲಿಕೆಯ ಕಾಪು, ಅಡ್ಡಪರಿಣಾಮ ಇಲ್ಲ ಎಂದು ಕನ್ನಡಕದ ಹೆಂಗಸೊಬ್ಬಳು ಹೇಳಿದಳು. ಊರಿನವರು ಒಂದೆರಡು ಪ್ಯಾಕೆಟ್ ತರಿಸಿ ನೋಡಿ, ಹಿಂದೆ ಅಚ್ಚಾಗಿದ್ದ ಸಾಮಾನಿನ ಹೆಸರು ಓದಿಸಿಕೊಂಡು, ಇಷ್ಟೇ ತಾನೆ ಎಂದು ಮನೆಯಲ್ಲೇ ಹುರಿಯತೊಡಗಿದರು. ನುಗ್ಗೆ ಹಿತ್ತಲಲ್ಲಿದೆ, ಹುರುಳಿ ಹೊಲದಲ್ಲಿದೆ. ಅಗಸೆ ಮಾತ್ರ ಹತ್ತಿರದ ಪೇಟೆ ವಿಜಯಪುರದ ಅಂಗಡಿಯಿಂದ ಬರುತ್ತದೆ. ಅರೆಯಲು ಅಶ್ವತ್ಥಮ್ಮ.

ಮಿಲ್ಲು ಇಂಥ ಮಾತಿಗೆ ಒಳ್ಳೆಯ ಜಾಗ. ಮಿಷನ್ ಓಡುವಾಗ ಮಾತು ಕೇಳಬೇಕಾದರೆ ಕಿವಿಯ ಹತ್ತಿರ ಬಾಯಿ ಇಡಬೇಕು. ಹೊರಗೆ ಬೀಡಿ ಸೇದುತ್ತ ನಿಂತ ಗಂಡಸರಿಗೆ ಒಂದಕ್ಷರವೂ ಕೇಳುವುದಿಲ್ಲ. ಮನೆಯಲ್ಲಿ ಸೊಸೆಯ ಮುಂದೆ ಹೇಳಲಾಗದ್ದು, ಆಸ್ಪತ್ರೆಯಲ್ಲಿ ಗಂಡಸು ಡಾಕ್ಟರ ಮುಂದೆ ಹೇಳಲಾಗದ್ದು ಇಲ್ಲಿ ರಾಗಿ ಹಿಟ್ಟಿನ ಜೊತೆ ಉದುರುತ್ತದೆ. ಯಾರಿಗೆ ಮುಟ್ಟು ನಿಂತಿತು, ಯಾರಿಗೆ ರಾತ್ರಿ ಮೈ ಉರಿದು ನಿದ್ದೆ ಇಲ್ಲ, ಯಾರಿಗೆ ಮೆಟ್ಟಿಲು ಹತ್ತಿದರೆ ಏದುಸಿರು. ಮೂವತ್ತು ವರ್ಷದಿಂದ ಅಶ್ವತ್ಥಮ್ಮ ಇದನ್ನೆಲ್ಲ ಕೇಳಿಸಿಕೊಂಡಿದ್ದಾರೆ. ಕೇಳಿಸಿಕೊಂಡು ಏನೂ ಮಾಡಿರಲಿಲ್ಲ. ಮಾಡಬೇಕು ಎಂದು ಅನ್ನಿಸಿರಲೂ ಇಲ್ಲ.

ಅವರು ಹುಟ್ಟಿದ್ದು ಮಾಕಳಿದುರ್ಗದ ಬೆಟ್ಟದ ಬುಡದ ಊರಲ್ಲಿ. ಓದಿದ್ದು ಏಳನೇ ಕ್ಲಾಸು. ಗಂಡ ಗಂಗಣ್ಣ ಮಿಲ್ಲು ಹಾಕಿದರು, ಹಿಟ್ಟಿನ ದೂಳಿಗೆ ಅವರಿಗೆ ದಮ್ಮು ಬಂತು, ಮಿಷನ್ ಹೆಂಡತಿಯ ಕೈಗೆ ಬಂತು. ಗಂಗಣ್ಣ ಈಗ ಒಂದು ಗೋಡೌನಿನಲ್ಲಿ ಸೆಕ್ಯುರಿಟಿ. ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಮಿಲ್ಲಿನ ಮುಂದೆ ಸೈಕಲ್ ನಿಲ್ಲಿಸಿ ಬದನೆಕಾಯಿಯ ಡಬ್ಬಿ ನೋಡುತ್ತಾರೆ. "ಊರಿಗೆಲ್ಲ ಬಾಯಿಗಿಡ್ತಾಳೆ. ಗಂಡಂಗೆ ಮನೇಲಿ ನಿನ್ನೆ ಸಾರು" ಎನ್ನುತ್ತಾರೆ.

"ನಿಂಗೂ ಮುಟ್ಟು ನಿಂತಿದ್ರೆ ಬಾ, ಕೊಡ್ತೀನಿ" ಎಂದು ಒಳಗಿಂದ ಉತ್ತರ ಬರುತ್ತದೆ. ಶೆಡ್ಡಿನಲ್ಲಿದ್ದ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಳ್ಳುತ್ತಾರೆ. ಗಂಗಣ್ಣ ಸೈಕಲ್ ಹತ್ತಿ ಹೊರಟುಬಿಡುತ್ತಾರೆ.

ಮುತ್ಯಾಲಮ್ಮನವರಿಗೂ ಪುಡಿ ಅರೆದುಕೊಟ್ಟದ್ದು ಇದೇ ಮಿಷನ್. ಸಾಯುವ ಮುಂಚೆ ಐದಾರು ತಿಂಗಳು ಅವರು ಪುಡಿಯನ್ನು ಬಿಡದೆ ತಿಂದಿದ್ದರು. ಅವರಿಗೆ ಬಿಪಿ ಇತ್ತು. ಆರೋಗ್ಯ ಉಪಕೇಂದ್ರದಿಂದ ಮಾತ್ರೆಯೂ ಬರುತ್ತಿತ್ತು. ಹಾಗಾದರೆ ಏಕೆ ಹೀಗಾಯಿತು ಎಂಬುದು ತಿಥಿಯ ಊಟದ ದಿನದವರೆಗೆ ಯಾರಿಗೂ ಹೊಳೆಯಲಿಲ್ಲ.

ಅಂದು ಎಲೆಗೆ ಬದನೆಕಾಯಿ ಪಲ್ಯ ಬಡಿಸಿದ್ದರು. ಮುತ್ಯಾಲಮ್ಮನವರ ಸೊಸೆ ಹರ್ಷಿತ ಅದನ್ನು ನೋಡಿ, "ಎಷ್ಟು ತಿಂಗಳಾಯ್ತು ಚಿಕ್ಕತ್ತೆ, ಈ ಮನೇಲಿ ಬದ್ನೆಕಾಯಿ ಕಂಡು" ಎಂದರಂತೆ.

"ಯಾಕೆ?"

"ಅತ್ತೆಗೆ ಪಥ್ಯ ಅಲ್ವಾ. ಬದ್ನೆಕಾಯಿ ಇಲ್ಲ, ಹುಳಿ ಇಲ್ಲ, ಬಾಡು ಇಲ್ಲ."

"ಯಾವ್ ಪಥ್ಯ?"

"ನೀವ್ ಅರೆದು ಕೊಟ್ಟಿದ್ರಲ್ಲ, ಹಾರ್ಟಿನ ಪುಡಿದು."

"ಮಾತ್ರೆ?"

ಹರ್ಷಿತ ಇದೇನು ಕೇಳುತ್ತಿದ್ದಾರೆ ಎಂಬಂತೆ ನೋಡಿದರು. "ನಾಟಿ ಮದ್ದಿನ ಪಥ್ಯದಾಗೆ ಇಂಗ್ಲಿಷ್ ಮಾತ್ರೆ ಯಾರ್ ನುಂಗ್ತಾರೆ?"

ಅಶ್ವತ್ಥಮ್ಮ ಎಲೆ ಮಡಿಚಿ ಎದ್ದರು.

ಈ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ನಾಟಿ ಮದ್ದು ತಿಂದರೆ ಪಥ್ಯ ಹಿಡಿಯಬೇಕು. ಬದನೆಕಾಯಿ ನಂಜು, ಹುಳಿ ಮದ್ದನ್ನು ಕೆಡಿಸುತ್ತದೆ, ಇಂಗ್ಲಿಷ್ ಔಷಧಿ ಸೇರಿದರೆ ಎರಡೂ ಕೆಲಸ ಮಾಡುವುದಿಲ್ಲ. ಕಾಮಾಲೆಗೆ, ಸರ್ಪಸುತ್ತಿಗೆ, ಮೂಳೆ ಮುರಿತಕ್ಕೆ ಸೊಪ್ಪು ಕಟ್ಟಿಸಿಕೊಂಡು ಬೆಳೆದ ಹೆಂಗಸರು ಇವರು. ವಿಡಿಯೊದ ಹೆಂಗಸು ಮಾತ್ರೆ ಬಿಡಿ ಎಂದು ಹೇಳಿರಲಿಲ್ಲ. ಪ್ಯಾಕೆಟ್ಟಿನ ಮೇಲೂ ಬರೆದಿರಲಿಲ್ಲ. ಉಪಕೇಂದ್ರದ ನರ್ಸಂತೂ ಹೇಳಿರಲೇ ಇಲ್ಲ. ಯಾರೂ ಹೇಳದ ಪಥ್ಯವನ್ನು ಇವರು ತಾವಾಗಿಯೇ ಹಿಡಿದಿದ್ದರು. ಗಿಡಮೂಲಿಕೆ ಎಂಬ ಒಂದು ಮಾತು ಸಾಕಾಗಿತ್ತು. ಶಿಸ್ತಿನ ಹೆಂಗಸು ಎಷ್ಟು ಶಿಸ್ತಿನವಳೋ ಅಷ್ಟು ಬೇಗ ಮಾತ್ರೆ ಬಿಟ್ಟಿದ್ದಳು. ಸೋಮಾರಿಗಳು ಪಥ್ಯ ಮುರಿದು ಉಳಿದುಕೊಂಡಿದ್ದರು.

ಉಪಕೇಂದ್ರದ ಸಿಸ್ಟರ್ ರಮ್ಯ ಇದನ್ನು ಕೇಳಿ ಮೊದಲು ನಂಬಲಿಲ್ಲ. ಮೂವತ್ತರ ಒಳಗಿನ ಹುಡುಗಿ, ಸ್ಕೂಟಿಯಲ್ಲಿ ನಾಲ್ಕು ಊರು ಸುತ್ತುತ್ತಾರೆ. ಮಾತ್ರೆ ತಗೊಂಡ್ರಾ ಎಂದು ಕೇಳಿದರೆ ಎಲ್ಲರೂ ತಗೊಂಡೆ ಎಂದೇ ಹೇಳುತ್ತಿದ್ದರು. ಪಥ್ಯ ಇದೆಯಾ ಎಂದು ಕೇಳಬೇಕು ಎಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಈಗ ಕೇಳುತ್ತಾರೆ.

"ಮುಟ್ಟು ನಿಲ್ಲೋವರೆಗೂ ಹೆಣ್ಣಿನ ಮೈಯಲ್ಲಿರೋ ಹಾರ್ಮೋನು ರಕ್ತನಾಳಗಳಿಗೆ ಒಂದಷ್ಟು ಕಾವಲಿರುತ್ತೆ" ಎನ್ನುತ್ತಾರೆ ರಮ್ಯ. "ನಿಂತ ಮೇಲೆ ಆ ಕಾವಲು ಕಮ್ಮಿ ಆಗುತ್ತೆ. ಬಿಪಿ ಏರುತ್ತೆ, ಕೆಟ್ಟ ಕೊಬ್ಬು ಏರುತ್ತೆ. ಹಾರ್ಟ್ ಅಟ್ಯಾಕು ಗಂಡಸರ ಕಾಯಿಲೆ ಅಂತ ಎಲ್ರೂ ಅಂದ್ಕೊಂಡಿದಾರೆ. ಅಗಸೆ ಕೆಟ್ಟದ್ದಲ್ಲ. ಕೊಬ್ಬು ಒಂಚೂರು ಇಳಿಸಬಹುದು. ಒಂಚೂರು ಅಷ್ಟೇ. ಮಾತ್ರೆ ಮಾಡೋ ಕೆಲಸ ಅದು ಮಾಡಲ್ಲ. ಅದು ಊಟದ ಜೊತೆಗಿರಲಿ, ಮಾತ್ರೆಯ ಜಾಗಕ್ಕೆ ಬರಬಾರದು."

ಅಶ್ವತ್ಥಮ್ಮ ಮೊದಲು ಬುದ್ಧಿ ಹೇಳಿ ನೋಡಿದರು. ಪುಡಿ ಅರೆಸಲು ಬಂದವರಿಗೆಲ್ಲ ಮಾತ್ರೆ ಬಿಡಬೇಡಿ ಎಂದರು. ಬಂದವರು ಹೂಂ ಎಂದರು, ಬಿಟ್ಟರು. ಆಮೇಲೆ ಮಾತ್ರೆ ತೋರಿಸಿದರೆ ಮಾತ್ರ ಅರೆಯುತ್ತೇನೆ ಎಂದರು. ತೋರಿಸಿದರು, ನುಂಗಲಿಲ್ಲ. ನನ್ನ ಮುಂದೆಯೇ ನುಂಗಿ ಎಂದಾಗ ಜಗಳ ಶುರುವಾಯಿತು. "ಇವಳೇನು ಡಾಕ್ಟ್ರಾ? ಹಿಟ್ಟು ಅರೆಯೋಳು ಹಿಟ್ಟು ಅರೀಲಿ" ಎಂದವರಿದ್ದಾರೆ. ಒಂಬತ್ತು ಮನೆಯವರು ರಾಗಿಯ ಸಮೇತ ಪಕ್ಕದ ಊರಿನ ಮಿಲ್ಲಿಗೆ ಹೋದರು. ಇವತ್ತಿಗೂ ವಾಪಸ್ ಬಂದಿಲ್ಲ.

ಬದನೆಕಾಯಿ ಹೊಳೆದದ್ದು ಆ ಜಗಳದಲ್ಲೇ. ಒಬ್ಬಾಕೆ, ಪಥ್ಯ ಮುರಿದರೆ ಪಾಪ ನಿನಗೇ ಬರಲಿ ಎಂದು ಕೂಗಿದರು. ಬರಲಿ ಎಂದು ಅಶ್ವತ್ಥಮ್ಮನೂ ಕೂಗಿದರು. ರಾತ್ರಿಯೆಲ್ಲ ಆ ಮಾತೇ ತಲೆಯಲ್ಲಿ ಸುತ್ತಿತು. ಮಾತ್ರೆ ನುಂಗಿಸುವುದು ಕಷ್ಟ, ಪಥ್ಯ ಮುರಿಸುವುದು ಸುಲಭ. ಬದನೆಕಾಯಿ ಹೊಟ್ಟೆಗೆ ಹೋದ ಮೇಲೆ ಪಥ್ಯ ಇಲ್ಲ. ಪಥ್ಯ ಇಲ್ಲದವಳಿಗೆ ಮಾತ್ರೆ ನುಂಗಲು ಅಡ್ಡಿ ಏನು? ಮಾರನೆಯ ದಿನ ಬೆಳಗ್ಗೆ ಮಿಲ್ಲಿನ ಮುಂದೆ ಒಲೆ ಹೂಡಿದರು.

ರಮ್ಯ ಒಪ್ಪಲಿಲ್ಲ. "ಪಥ್ಯವೇ ಬೇಡ ಅಂತ ಹೇಳ್ಬೇಕಮ್ಮ ನಾವು. ನೀವು ಅದನ್ನ ಒಪ್ಕೊಂಡು, ಬಿಡಿಸೋ ಶಾಸ್ತ್ರ ಬೇರೆ ಮಾಡ್ತಿದ್ದೀರಿ" ಎಂದರು.

"ನಿಂದೂ ಸರಿನೇ ಕಣವ್ವ. ನೀನು ಹೇಳ್ತಾ ಇರು. ಅವ್ರು ಒಪ್ಪೋವರ್ಗೂ ನಾನು ಬದ್ನೆಕಾಯಿ ಸುಡ್ತಾ ಇರ್ತೀನಿ."

ಒಪ್ಪಂದವಾಯಿತು. ರಮ್ಯ ಎರಡು ಷರತ್ತು ಹಾಕಿದರು. ಪುಡಿ ಮತ್ತು ಮಾತ್ರೆ ಒಟ್ಟಿಗೆ ಬೇಡ, ನಡುವೆ ಎರಡು ಗಂಟೆಯಾದರೂ ಇರಲಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಡಾಕ್ಟರನ್ನು ಕೇಳದೆ ಪುಡಿ ಅರೆದುಕೊಡಬಾರದು. ಆ ಮಾತ್ರೆ ಯಾವುದು ಎಂದು ಅಶ್ವತ್ಥಮ್ಮನಿಗೆ ಗೊತ್ತಿಲ್ಲ. ಗೊತ್ತಿಲ್ಲದ ಹಾಳೆ ಕಂಡರೆ ಮಿಷನ್ ನಿಲ್ಲಿಸಿ ರಮ್ಯಗೆ ಫೋನ್ ಮಾಡುತ್ತಾರೆ. ಫೋನ್ ಎತ್ತದಿದ್ದರೆ ಆ ದಿನ ಪುಡಿ ಇಲ್ಲ.

ಒಂದೊಂದೇ ಮನೆ ಬಾಯಿ ತೆರೆಯಿತು. ಮೊದಲು ತಮಾಷೆಗೆ, ಆಮೇಲೆ ರೂಢಿಗೆ. ಕೆಲವರಿಗೆ ಇದೊಂದು ಬಿಡುಗಡೆಯೇ ಆಯಿತು. ಬದನೆಕಾಯಿ ತಿನ್ನದೆ ಅವರೂ ಸಾಕಾಗಿದ್ದರು. ಮಿಲ್ಲು ಬಿಡದವರಲ್ಲಿ ಉಳಿದವರು ಅಂಜಿನಮ್ಮ ಒಬ್ಬರೇ.

ಅಂಜಿನಮ್ಮನವರಿಗೆ ಅರವತ್ತೊಂದು. ಗುಲಾಬಿ ತೋಟ ಇದೆ. ಬೆಳಗಿನ ಜಾವ ಹೂ ಬಿಡಿಸಿ ಕೂಲಿಯವರ ಮುಂದೆ ತಾವೇ ಚೀಲ ಎತ್ತುವ ಹೆಂಗಸು. ಈ ಸಲದ ಯುಗಾದಿಯಿಂದ ಪಥ್ಯದಲ್ಲಿದ್ದಾರೆ. ಬಿಪಿ ಮಾತ್ರೆ ಅಂದೇ ನಿಂತಿದೆ. ಇಷ್ಟು ದಿನ ಅವರ ಪುಡಿಯ ಚೀಲ ಕೂಲಿಯವಳ ಕೈಲಿ ಮಿಲ್ಲಿಗೆ ಬರುತ್ತಿತ್ತು, ತುತ್ತು ತಿನ್ನುತ್ತಿದ್ದವಳೂ ಅವಳೇ. ಈಗ ಚೀಲ ಎತ್ತುವಾಗ ಎರಡು ಸಲ ಕೂರಬೇಕಾಗುತ್ತಿದೆ, ದವಡೆ ಭಾರ ಎನ್ನುತ್ತಿದ್ದಾರೆ. ಈ ಮಾತು ಮಮತರ ಮೂಲಕ ಮಿಲ್ಲಿಗೆ ಬಂದ ದಿನ ಅಶ್ವತ್ಥಮ್ಮ ಎರಡು ಸಲ ಕೇಳಿದರು. "ದವಡೆ ಅಂದ್ಲಾ? ಎದೆ ಅನ್ಲಿಲ್ವಾ?"

ಅಂಜಿನಮ್ಮ ಪುಡಿ ಅರೆಸಲು ಬಂದ ದಿನ ಮಿಲ್ಲಿನಲ್ಲಿ ನಾಲ್ಕು ಹೆಂಗಸರಿದ್ದರು. ಡಬ್ಬಿ ಮುಂದೆ ಬಂದಾಗ ಅವರು ಕೈ ಹಿಂದಕ್ಕೆ ಎಳೆದುಕೊಂಡರು.

"ಇದೇನಿದು? ಎಲ್ಲಾರ್ನೂ ಪಥ್ಯ ಕೆಡಿಸ್ತಾ ಕೂತಿದ್ದೀಯಂತೆ."

"ಹೌದಕ್ಕ. ನಿಂದೂ ಕೆಡಿಸ್ತೀನಿ ಬಾ."

"ಹಲ್ಲು ಕಿರೀಬೇಡ ಅಶ್ವತ್ತಿ. ಹತ್ತೊಂಬತ್ತನೇ ವಯಸ್ಸಲ್ಲಿ ನಂಗೆ ಕಾಮಾಲೆ ಆಯ್ತು. ಕಣ್ಣೆಲ್ಲ ಅರಿಶಿಣ. ದೊಡ್ಡಾಸ್ಪತ್ರೆಯೋರು ಕೈ ಬಿಟ್ರು. ಸೊಪ್ಪಿನ ರಸ ಕುಡ್ಕೊಂಡು ತಿಂಗಳುಗಟ್ಲೆ ಉಪ್ಪಿಲ್ದೆ ಅನ್ನ ತಿಂದೆ. ನಮ್ಮವ್ವ ಅತ್ಕೊಂಡು ಬಡಿಸ್ತಿದ್ಲು. ಬದ್ಕಿದ್ದೀನಾ ಇಲ್ವಾ? ಪಥ್ಯದ ಬೆಲೆ ನಂಗೆ ಹೇಳ್ಕೊಡ್ಬೇಡ."

ಅಂಜಿನಮ್ಮ ಹೇಳಿದ್ದು ಸುಳ್ಳಲ್ಲ. ಅವರ ಮಟ್ಟಿಗೆ ಅದು ಮೂಢನಂಬಿಕೆಯೂ ಅಲ್ಲ, ಅನುಭವ. ಚೀಲ ಎತ್ತಿಕೊಂಡು, ಆಟೋ ಹತ್ತಿ, ಪಕ್ಕದ ಊರಿನ ಮಿಲ್ಲಿಗೆ ಹೋದರು. ಹತ್ತನೇ ಮನೆ ಹೋಯಿತು ಎಂದು ಯಾರೋ ಅಂದರು.

"ಮನೆ ಹೋದ್ರೆ ಹೋಗ್ಲಿ" ಎಂದರು ಅಶ್ವತ್ಥಮ್ಮ. "ಅವಳು ಹೋಗ್ಬಾರ್ದು."

ಮಾರನೆಯ ದಿನ ರಮ್ಯ ಅಂಜಿನಮ್ಮನವರ ಮನೆಗೆ ಹೋದರು. ಮನೆಯವರು, ತೋಟಕ್ಕೆ ಹೋಗಿದ್ದಾರೆ ಎಂದರು. ತೋಟಕ್ಕೆ ಹೋದರೆ ಮನೆಗೆ ಹೋದರು ಎಂದರು. ಅಶ್ವತ್ಥಮ್ಮ ಡಬ್ಬಿಯಲ್ಲಿ ಗೊಜ್ಜು ಕಳಿಸಿದರು. ಡಬ್ಬಿ ತೊಳೆದು, ಅದರಲ್ಲಿ ಒಂದು ಗುಲಾಬಿ ಹೂ ಇಟ್ಟು ವಾಪಸ್ ಬಂತು. ಗೊಜ್ಜು ಕೋಳಿಗೆ ಹೋಗಿತ್ತು. ಹೀಗೆ ಒಂದು ವಾರ ನಡೆಯಿತು. ಕೊನೆಗೆ ಒಂದು ಮಧ್ಯಾಹ್ನ ಕರೆಂಟು ಹೋದ ಹೊತ್ತಿಗೆ ಅಶ್ವತ್ಥಮ್ಮ ಮಿಲ್ಲಿಗೆ ಬೀಗ ಹಾಕಿ ಗುಲಾಬಿ ತೋಟಕ್ಕೆ ನಡೆದರು. ತಲೆಗೂದಲ ತುಂಬ ಹಿಟ್ಟು ಹಾಗೇ ಇತ್ತು.

ಅಂಜಿನಮ್ಮ ಬೇವಿನ ಮರದ ಕೆಳಗೆ ಕೂತಿದ್ದರು. ಬಿಡಿಸಿದ ಹೂವು ಅರ್ಧ ಚೀಲ. ಉಳಿದದ್ದು ಗಿಡದಲ್ಲೇ. ಮುಖ ಒದ್ದೆಯಾಗಿತ್ತು. ಮೇಲೆ ವಿಮಾನವೊಂದು ಇಳಿಯುತ್ತ ಹೋಯಿತು.

"ನಮ್ಮ ಮುತ್ಯಾಲಕ್ಕನೂ ಹಿಂಗೇ ಕೂತಿದ್ಲು" ಎಂದರು ಅಶ್ವತ್ಥಮ್ಮ.

"ಹೆದ್ರುಸ್ತೀಯಾ?"

"ಹೂಂ."

ಅಂಜಿನಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ನಂಗೂ ಆಸೆನೇ ಕಣೆ. ಬದ್ನೆಕಾಯಿ ಅಂದ್ರೆ ಪ್ರಾಣ ನಂಗೆ. ಆದ್ರೆ ಪಥ್ಯ ನಾವ್ ನಾವೇ ಬಿಡೋ ಹಂಗಿಲ್ಲ. ಹಿಡಿಸಿದೋರು ಬಿಡಿಸ್ಬೇಕು. ಅದು ನಿಂಗೂ ಗೊತ್ತು."

"ಹಿಡಿಸಿದೋರು ಯಾರು? ಫೋನಲ್ಲಿ ಕುಣಿಯೋ ಆ ಕನ್ನಡಕದೋಳಾ? ಅವಳನ್ನ ಎಲ್ಲಿಂದ ಕರ್ಕೊಂಡು ಬರೋಣ?"

"ಅದೇ ನಂಗೂ ಗೊತ್ತಾಗ್ದೆ ಇರೋದು."

ಅಶ್ವತ್ಥಮ್ಮ ಎದುರಿಗೆ ಮಣ್ಣಿನ ಮೇಲೆ ಕೂತರು. "ಕಾಮಾಲೆಲಿ ನಿಂಗೆ ಪಥ್ಯ ಬಿಡಿಸಿದ್ದು ಯಾರು?"

"ಪಂಡಿತನ ಹೆಂಡ್ತಿ."

"ಪಂಡಿತ ಅಲ್ವಾ?"

"ಅವ್ನು ಊರೂರು ಸುತ್ತೋನು. ಸೊಪ್ಪು ಅರೆದು ಕೊಡ್ತಿದ್ದಿದ್ದು ಅವಳು ತಾನೆ. ಅರೆದ ಕೈಲೇ ಬಿಡಿಸ್ಬೇಕು ಅಂತ ಅವಳೇ ಬಂದು ಒಂದು ತುತ್ತು..." ಅಂಜಿನಮ್ಮನ ಮಾತು ಅಲ್ಲಿಗೇ ನಿಂತಿತು.

ಅಶ್ವತ್ಥಮ್ಮ ತಮ್ಮ ಎರಡೂ ಅಂಗೈ ಮುಂದೆ ಚಾಚಿದರು. ಉಗುರಿನ ಸಂದಿಯಲ್ಲಿ ಅಗಸೆಯ ಜಿಡ್ಡು ಕಂದು ಬಣ್ಣಕ್ಕೆ ಕೂತಿತ್ತು.

ಅಂಜಿನಮ್ಮ ಆ ಕೈಯನ್ನು ನೋಡಿದರು. "ಈ ತಿಂಗಳ ಪುಡಿ ನೀನು ಅರೆದಿದ್ದಲ್ಲ. ಅಲ್ಲಿ ಅರೆಸ್ಕೊಂಡು ಬಂದೆ."

"ಯುಗಾದಿಲಿ ಪಥ್ಯ ಹಿಡಿದಿದ್ದು ಯಾರ್ ಪುಡಿಗೆ?"

"...ನಿನ್ ಪುಡಿಗೇ."

"ಹಂಗಾದ್ರೆ ಬಿಡಿಸೋಳು ನಾನೇ. ನಾಳೆ ಬೆಳಗ್ಗೆ ಬಾ. ಮಾತ್ರೆ ತಗೊಂಡು ಬಾ. ಬರ್ಲಿಲ್ಲ ಅಂದ್ರೆ ಒಲೆ ಹೊತ್ಕೊಂಡು ನಿಮ್ಮನೆ ಬಾಗ್ಲಿಗೇ ಬರ್ತೀನಿ. ನಿಮ್ ಯಜಮಾನ್ರ ಮುಂದೆನೇ, ಮುಟ್ಟು ನಿಂತ ವಿಷ್ಯ ಎಲ್ಲ ಜೋರಾಗಿ ಮಾತಾಡ್ತೀನಿ."

"ಥೂ, ನಿನ್ ಬಾಯಿಗೆ!"

ಅಲ್ಲಿಂದಲೇ ರಮ್ಯಗೆ ಫೋನ್ ಹೋಯಿತು. ರಮ್ಯ ಸಂಜೆಯೇ ಸ್ಕೂಟಿಯಲ್ಲಿ ತೋಟಕ್ಕೆ ಬಂದು ಅಂಜಿನಮ್ಮನವರನ್ನು ಕೂರಿಸಿಕೊಂಡು ಆಸ್ಪತ್ರೆಗೆ ಹೋದರು. ಬೆವರು, ದವಡೆಯ ಭಾರ ಎಂದಮೇಲೆ ಬೆಳಗಿನವರೆಗೆ ಕಾಯುವುದು ಬೇಡ ಎಂಬುದು ಅವರ ಹಟ. ನಾಟಿ ಮದ್ದು ತಿನ್ನುತ್ತಿದ್ದ ಅಂಜಿನಮ್ಮನವರಿಗೆ ಆಸ್ಪತ್ರೆಯ ಮೆಷಿನ್ನಿನಲ್ಲಿ ಎದೆ ನೋಡಿಸಲು ಪಥ್ಯದ ಅಡ್ಡಿ ಇರಲಿಲ್ಲ, ನುಂಗುವುದು ಏನೂ ಇಲ್ಲವಲ್ಲ. ಇಸಿಜಿ ತೆಗೆದು, ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರು ಹೃದಯಾಘಾತ ಆಗಿಲ್ಲ, ಆದರೆ ಬಿಪಿ ಮೇಲೇರಿ ಕೂತಿದೆ, ಹೃದಯ ಸುಸ್ತಾಗುತ್ತಿದೆ ಎಂದರು. ಅಲ್ಲೇ ಮಾತ್ರೆ ಕೊಟ್ಟರು. ಅಂಜಿನಮ್ಮ ಅದನ್ನು ಸೆರಗಿಗೆ ಕಟ್ಟಿಕೊಂಡರು.

"ಇಲ್ಲೇ ನುಂಗಿ ಅಂದೆ" ಎನ್ನುತ್ತಾರೆ ರಮ್ಯ. "ಕೈ ಮುಗಿದೆ, ಬೈದೆ. ಬೆಳಗ್ಗೆ ಅಶ್ವತ್ತಿ ಕೈಯಿಂದ ತಿಂದ್ಮೇಲೆ ಅಂದ್ರು. ರಾತ್ರಿಯೆಲ್ಲ ನಂಗೆ ನಿದ್ದೆ ಇಲ್ಲ."

ಬೆಳಗ್ಗೆ ಐದೂವರೆ. ಒಲೆಯ ಮೇಲೆ ಎರಡು ಗುಂಡು ಬದನೆಕಾಯಿ. ಅಶ್ವತ್ಥಮ್ಮ ಅವನ್ನು ಹೊರಳಿಸುತ್ತ ದಾರಿ ನೋಡುತ್ತಿದ್ದಾರೆ. ರಮ್ಯ ಬಿಪಿ ನೋಡುವ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ರಾಗಿ ಮೂಟೆಯ ಮೇಲೆ ಕೂತಿದ್ದಾರೆ. ಮಮತ ಪುಡಿ ಅರೆಸುವ ನೆಪವೂ ಇಲ್ಲದೆ ಬಂದು ನಿಂತಿದ್ದಾರೆ. ಆರು ಗಂಟೆಗೆ ಕರೆಂಟು ಬಂತು. ಅಂಜಿನಮ್ಮ ಬರಲಿಲ್ಲ. ಅಶ್ವತ್ಥಮ್ಮ ಮಿಷನ್ ಹಾಕಲಿಲ್ಲ. ರಾಗಿ ತಂದ ಇಬ್ಬರನ್ನು ಹೊರಗೇ ನಿಲ್ಲಿಸಿದರು. ಗೊಜ್ಜು ಕಿವುಚಿ ಮುಗಿಯಿತು. ಒಲೆಯ ಕೆಂಡದ ಮೇಲೆ ಬೂದಿ ಕೂತಿತು. ರಮ್ಯ ಸ್ಕೂಟಿಯ ಕೀ ಕೈಗೆ ತೆಗೆದುಕೊಂಡರು.

ಆಗ ತಿರುವಿನಲ್ಲಿ ಅಂಜಿನಮ್ಮ ಕಂಡರು. ಸ್ನಾನ ಮಾಡಿ, ಹಣೆಗೆ ಕುಂಕುಮ ಇಟ್ಟು, ಒಳ್ಳೆ ಸೀರೆ ಉಟ್ಟು ಬಂದಿದ್ದರು. ಪಥ್ಯ ಬಿಡುವ ದಿನ ತಲೆಗೆ ಎಣ್ಣೆ ನೀರು ಆಗಬೇಕು. ಅದಕ್ಕೇ ತಡ.

ಅಶ್ವತ್ಥಮ್ಮ ಕೈ ತೊಳೆದುಕೊಂಡು ಬಂದು ಒಂದು ತುತ್ತು ಅಂಜಿನಮ್ಮನ ಬಾಯಿಗೆ ಇಟ್ಟರು. ಅಂಜಿನಮ್ಮ ಕಣ್ಣು ಮುಚ್ಚಿ ಅಗಿದರು. ಇನ್ನೊಂದು ತುತ್ತಿಗೆ ತಾವೇ ಕೈ ಹಾಕಿದರು. ಮೂರನೆಯದಕ್ಕೂ.

"ಉಪ್ಪೇ ಇಲ್ಲ" ಎಂದರು.

"ಉಪ್ಪು ನಾನು ಬೇಡ ಅಂದಿರೋದು" ಎಂದರು ರಮ್ಯ.

"ಪಥ್ಯ ಬಿಡಿಸ್ತೀವಿ ಅಂತ ಕರೆದು ಇನ್ನೊಂದು ಪಥ್ಯ ಕಟ್ತೀರಲ್ಲೇ!"

ಸೆರಗಿನ ಗಂಟು ಬಿಚ್ಚಿ ಮಾತ್ರೆ ತೆಗೆದರು. ಬಿಂದಿಗೆಯ ನೀರು ಗಟಗಟ ಇಳಿಯಿತು. ರಮ್ಯ ಬಾಯಿ ತೆರೆಸಿ ನಾಲಿಗೆಯ ಕೆಳಗೂ ನೋಡಿದರು. ಅಂಜಿನಮ್ಮ ಬೈದರು. ತೋಟಕ್ಕೆ ಹೋಗಿ ಚೀಲ ಎತ್ತಬಾರದು, ಸೋಮವಾರ ಮತ್ತೆ ಡಾಕ್ಟರ ಹತ್ತಿರ ಹೋಗಬೇಕು ಎಂದು ರಮ್ಯ ಹೇಳುತ್ತಿದ್ದರೆ ಡಬ್ಬಿಯ ತಳ ಬೆರಳಲ್ಲಿ ಬಳಿಯುತ್ತ ಹೂಂ ಎಂದರು.

ಮಿಷನ್ ಶುರುವಾಯಿತು. ಅಶ್ವತ್ಥಮ್ಮನಿಗೆ ಒಂದೇ ಆಸೆ. ಒಂದು ಬೆಳಗ್ಗೆ ಯಾರಿಗೂ ಬದನೆಕಾಯಿ ತೋರಿಸದೆ, ಮಾತ್ರೆ ನುಂಗಿದ್ದೀರಾ ಎಂದು ಬರೀ ಕೇಳಿದರೆ ನಿಜವಾದ ಉತ್ತರ ಬರಬೇಕು. ಅಲ್ಲಿಯವರೆಗೆ ಒಲೆ ಇರುತ್ತದೆ. ಇಷ್ಟೆಲ್ಲ ಮಾಡಿ ಸಿಕ್ಕಿದ್ದೇನು ಎಂದರೆ ಅವರು ರಾಗಿ ಸುರಿಯುತ್ತಲೇ ತಲೆ ಅಲ್ಲಾಡಿಸುತ್ತಾರೆ. ಸದ್ದಿನಲ್ಲಿ ಕೇಳಿಸಲಿಲ್ಲವೇನೋ ಎಂದು ಹತ್ತಿರ ಹೋದರೆ, ಕಿವಿಯ ಬಳಿ ಬಾಯಿ ತಂದು ಹೇಳುತ್ತಾರೆ:

"ಸಿಕ್ಕಿದ್ದು ಗೊತ್ತಿಲ್ಲ. ಹೋಗಿದ್ದು ಹೇಳ್ತೀನಿ. ಒಬ್ಳು ಅಕ್ಕ ಹೋದ್ಲು. ಒಂಬತ್ತು ಮನೆ ರಾಗಿ ಹೋಯ್ತು. ಇವತ್ತು, ಎರಡು ಬದ್ನೆಕಾಯಿ."